ಪಂಚಾಂಗದ ಹಲ್ಲಿಯಿಂದ ಗಾಜಿನ ಪೆಟ್ಟಿಗೆಯ ಹಲ್ಲಿಯವರೆಗೆ



ಚಿಕಾಗೋದ ನೇಪರ್ವಿಲ್, ಶಾಂಬರ್ಗ್‌ಗಳಲ್ಲಾಗಲಿ, ಡೆಟ್ರಾಯಿಟ್ ಸೆರಗಿನ ಟ್ರಾಯ್, ನೋವೈ, ಕ್ಯಾಂಟನ್‌ಗಳಲ್ಲಾಗಲಿ, ನಮ್ಮವರ ಮನೆಗಳ ಬೇಸ್‌ಮೆಂಟಿನಲ್ಲಿ ಇತ್ತೀಚೆಗೆ ಗಾಜಿನ ಪೆಟ್ಟಿಗೆಯೊಂದು ಕಾಣಿಸುತ್ತಿದೆ. ಅದರೊಳಗೆ ಹಳದಿ ಮೈಯ ಮೇಲೆ ಕಪ್ಪು ಚುಕ್ಕೆಗಳಿರುವ, ದಪ್ಪ ಬಾಲದ ಹಲ್ಲಿಯೊಂದು ಮಲಗಿರುತ್ತದೆ. ಮಕ್ಕಳು ಅದಕ್ಕೆ ಹೆಸರಿಟ್ಟು ಮುದ್ದಿಸುತ್ತಾರೆ, ಊರಿನಿಂದ ಬಂದ ಅಜ್ಜಿ ದೂರದಿಂದಲೇ ನೋಡಿ, "ಸಾಕುವುದಕ್ಕೆ ಬೇರೆ ಪ್ರಾಣಿ ಸಿಗಲಿಲ್ಲವೇನಪ್ಪಾ?" ಎಂದು ಕೇಳುತ್ತಾರೆ. ಸಂಘದ ಆರೋಗ್ಯ ಶಿಬಿರಗಳಲ್ಲಿ ಸ್ವಯಂಸೇವಕ ವೈದ್ಯರಾಗಿ ಕುಳಿತಾಗ ನಮಗೆ ಎದುರಾಗುವ ಪ್ರಶ್ನೆಗಳಲ್ಲಿ ಇದೂ ಒಂದು: ಮನೆಯಲ್ಲಿ ಹಸುಗೂಸಿದೆ, ವಯಸ್ಸಾದ ತಂದೆತಾಯಿಗಳಿದ್ದಾರೆ; ಹಲ್ಲಿಯನ್ನು ಸಾಕಬಹುದೇ?

ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರ ಇದಕ್ಕೆ ಸಾಲದು. ಗಾಜಿನ ಪೆಟ್ಟಿಗೆಯ ಮುಂದೆ ಇಂದು ದಿನನಿತ್ಯ ನಡೆಯುವ ಕೆಲಸಗಳು, ಅಂದರೆ ಹಿಕ್ಕೆ ತೆಗೆಯುವುದು, ಹುಳುವಿಗೆ ಸುಣ್ಣದ ಪುಡಿ ಹಚ್ಚುವುದು, ಶಾಖ ಅಳೆಯುವುದು, ಕೈ ತೊಳೆಯುವುದು, ಇವೆಲ್ಲ ಯಾರೋ ಒಬ್ಬರು ಕುಳಿತು ಬರೆದ ನಿಯಮಗಳಲ್ಲ. ಒಂದೊಂದರ ಹಿಂದೆಯೂ ಒಂದೊಂದು ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ನಾವಿರುವ ಈ ಎರಡು ನಗರಗಳಿಗೂ, ನಾವು ಬಿಟ್ಟು ಬಂದ ನಾಡಿಗೂ ಪಾಲಿದೆ. ಅದನ್ನು ತಿಳಿದರೆ ಅಜ್ಜಿಯ ಅಳುಕಿಗೂ ಮೊಮ್ಮಗುವಿನ ಆಸೆಗೂ ಒಟ್ಟಿಗೇ ಉತ್ತರ ದೊರೆಯುತ್ತದೆಂಬುದು ನಮ್ಮ ನಂಬಿಕೆ.

ಶಕುನದ ಹಲ್ಲಿ

ನಮ್ಮ ಮನೆಗಳಲ್ಲಿ ಹಲ್ಲಿ ಎಂದೂ ಸಾಕುಪ್ರಾಣಿಯಾಗಿರಲಿಲ್ಲ. ಆದರೆ ಅಪರಿಚಿತವೂ ಆಗಿರಲಿಲ್ಲ. ಅದು ಕರೆಯದೆ ಬಂದು ಗೋಡೆಯ ಮೇಲೆ ನೆಲೆಸಿದ ಅತಿಥಿ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯವೆಂದು ಹಿರಿಯರು ಬೆರಳಿನಿಂದ ನೆಲ ತಟ್ಟುತ್ತಿದ್ದರು. ಮೈಮೇಲೆ ಹಲ್ಲಿ ಬಿದ್ದರೆ ಯಾವ ಅಂಗದ ಮೇಲೆ ಬಿದ್ದಿತು, ಅದರ ಫಲವೇನು ಎಂಬ ಪಟ್ಟಿಯನ್ನು ಪಂಚಾಂಗಗಳು ಇಂದಿಗೂ ಮುದ್ರಿಸುತ್ತವೆ. ಕಂಚಿಯ ವರದರಾಜ ಸ್ವಾಮಿಯ ದೇವಾಲಯಕ್ಕೆ ಹೋದ ಕನ್ನಡಿಗರು ಚಿನ್ನ ಬೆಳ್ಳಿಯ ಹಲ್ಲಿಗಳನ್ನು ಮುಟ್ಟಿ ದೋಷ ಕಳೆಯಿತೆಂದು ಸಮಾಧಾನಪಟ್ಟು ಬರುತ್ತಾರೆ.

ಇದರೊಂದಿಗೆ ಮತ್ತೊಂದು ನಂಬಿಕೆಯೂ ಇದೆ: ಹಲ್ಲಿ ವಿಷಜಂತು, ಅಡುಗೆಯಲ್ಲಿ ಬಿದ್ದರೆ ಊಟ ವಿಷವಾಗುತ್ತದೆ. ಶಾಲೆಯ ಬಿಸಿಯೂಟದಲ್ಲಿ ಹಲ್ಲಿ ಸಿಕ್ಕಿ ಮಕ್ಕಳು ಆಸ್ಪತ್ರೆ ಸೇರಿದರೆಂಬ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ವೈದ್ಯಕೀಯ ದೃಷ್ಟಿಯಿಂದ ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಮನೆಯ ಹಲ್ಲಿಗೆ ವಿಷದ ಗ್ರಂಥಿಯಿಲ್ಲ. ಅಪಾಯವಿರುವುದು ಅದರ ಕರುಳಿನಲ್ಲಿ ನೆಲೆಸಿರಬಹುದಾದ ಬ್ಯಾಕ್ಟೀರಿಯಾದಲ್ಲಿ. ಅಂದರೆ ಹಿರಿಯರು ಹೇಳಿದ ಕಾರಣ ಸರಿಯಲ್ಲದಿದ್ದರೂ, ಅಡುಗೆಮನೆಯಿಂದ ಹಲ್ಲಿಯನ್ನು ದೂರವಿಡಬೇಕೆಂಬ ಅವರ ಎಚ್ಚರಿಕೆ ಸರಿಯಾಗಿಯೇ ಇತ್ತು. ಈ ಮಾತಿಗೆ ಮುಂದೆ ಮರಳಿ ಬರುತ್ತೇವೆ.

ಹೆಸರಿಟ್ಟವರು

ಹಲ್ಲಿಗಳ ಶಾಸ್ತ್ರೀಯ ಅಧ್ಯಯನದಲ್ಲಿ ನಮ್ಮ ವೃತ್ತಿಯವರ ಹೆಜ್ಜೆಗಳು ಬಹಳ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದಲ್ಲಿ ವೈದ್ಯರಾಗಿದ್ದ ಥಾಮಸ್ ಜೆರ್ಡನ್ 1853ರಲ್ಲಿ ವರ್ಣಿಸಿದ ಪುಟ್ಟ ಹಗಲು ಹಲ್ಲಿಯ ಹೆಸರಿನಲ್ಲಿ ಇಂದಿಗೂ ಮೈಸೂರು ಉಳಿದಿದೆ: ನೆಮಾಸ್ಪಿಸ್ ಮೈಸೂರಿಯೆನ್ಸಿಸ್. ಸಯಾಮಿನ ಅರಮನೆಯಲ್ಲಿ ವೈದ್ಯರಾಗಿದ್ದ ಮಾಲ್ಕಮ್ ಸ್ಮಿತ್ 1935ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲದ ಗ್ರಂಥಮಾಲೆಯಲ್ಲಿ ಹಲ್ಲಿ ವರ್ಗಕ್ಕೆ ಮೀಸಲಾದ ಸಂಪುಟವನ್ನು ಬರೆದರು.

ಇಂದು ಅಮೆರಿಕದ ಮಕ್ಕಳು ಬಹಳವಾಗಿ ಸಾಕುವ ಲೆಪರ್ಡ್ ಗೆಕ್ಕೋ, ಅಂದರೆ ಚಿರತೆ ಹಲ್ಲಿ, ಹುಟ್ಟಿನಿಂದ ನಮ್ಮ ಉಪಖಂಡದ್ದೇ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಪಾಲಕರಾಗಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದರು. ಇಂದಿನ ಪಾಕಿಸ್ತಾನ, ಅಫ್ಘಾನಿಸ್ತಾನಗಳ ಒಣ ಬೆಟ್ಟಗಳು ಅದರ ತವರು. ಅದರ ಕುಲನಾಮ ಯೂಬ್ಲೆಫಾರಿಸ್. ಗ್ರೀಕ್ ಮೂಲದ ಈ ಪದ ಅದರ ನಿಜವಾದ ರೆಪ್ಪೆಗಳನ್ನು ಸೂಚಿಸುತ್ತದೆ. ನಮ್ಮ ಗೋಡೆಯ ಹಲ್ಲಿಗೆ ರೆಪ್ಪೆಯಿಲ್ಲ, ಅದು ನಾಲಿಗೆಯಿಂದಲೇ ಕಣ್ಣನ್ನು ಒರೆಸಿಕೊಳ್ಳುತ್ತದೆ. ಚಿರತೆ ಹಲ್ಲಿ ರೆಪ್ಪೆ ಮುಚ್ಚಿ ನಿದ್ರಿಸುತ್ತದೆ. ಅದರ ಬೆರಳುಗಳಲ್ಲಿ ಗಾಜಿಗೆ ಅಂಟುವ ಪದರಗಳೂ ಇಲ್ಲ; ಆದುದರಿಂದ ಗೋಡೆ ಹತ್ತಿ ತಪ್ಪಿಸಿಕೊಳ್ಳಲಾರದು. ಸಾಕುವವರಿಗೆ ಅದು ಅನುಕೂಲವಾಗಿ ಒದಗಿದ್ದಕ್ಕೆ ಇದೂ ಒಂದು ಕಾರಣ.

ಎರಡನೆಯದು ಕ್ರೆಸ್ಟೆಡ್ ಗೆಕ್ಕೋ, ಅಂದರೆ ಜುಟ್ಟಿನ ಹಲ್ಲಿ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಈ ಜೀವಿಯನ್ನು ಫ್ರಾನ್ಸಿನ ಗಿಶನೋ 1866ರಲ್ಲಿ ವರ್ಣಿಸಿದರು. ಆಮೇಲೆ ಅದು ಅಳಿದುಹೋಯಿತೆಂದೇ ಲೋಕ ತಿಳಿದಿತ್ತು. 1994ರಲ್ಲಿ ಮತ್ತೆ ಕಾಣಿಸಿಕೊಂಡಿತು. ಒಂದು ಕಾಲಕ್ಕೆ ಇಲ್ಲವೆಂದು ಭಾವಿಸಿದ್ದ ಪ್ರಾಣಿ ಇಂದು ಅಮೆರಿಕದ ಸಾಕುಪ್ರಾಣಿ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತದೆ!

ಚಿಕಾಗೋ, ಡೆಟ್ರಾಯಿಟ್ ಕಲಿತ ಪಾಠ

ಸರೀಸೃಪಗಳನ್ನು ಸಾಕುವ ವಿದ್ಯೆ ಈ ದೇಶದಲ್ಲಿ ಬೆಳೆದದ್ದು ಮೃಗಾಲಯಗಳಲ್ಲಿ ಮತ್ತು ವಿಶ್ವವಿದ್ಯಾಲಯಗಳಲ್ಲಿ. ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಅಲೆಕ್ಸಾಂಡರ್ ರತ್ವೆನ್ ಸರೀಸೃಪ ತಜ್ಞರು. 1929ರಿಂದ 1951ರವರೆಗೆ ಅವರೇ ಆ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದರು. 1928ರಲ್ಲಿ ತೆರೆದ ಡೆಟ್ರಾಯಿಟ್ ಮೃಗಾಲಯ 1960ರಲ್ಲಿ ಜೀವಂತ ಸರೀಸೃಪಗಳಿಗೆಂದೇ ಹೋಲ್ಡನ್ ಹೆಸರಿನ ಸಂಗ್ರಹಾಲಯವನ್ನು ಆರಂಭಿಸಿತು.

ಚಿಕಾಗೋದ ಕಥೆಯಲ್ಲಿ ನೋವಿನ ಪುಟಗಳೂ ಇವೆ. 1934ರಲ್ಲಿ ಬಾಗಿಲು ತೆರೆದ ಬ್ರೂಕ್‌ಫೀಲ್ಡ್ ಮೃಗಾಲಯದ ಸರೀಸೃಪ ವಿಭಾಗವನ್ನು ನೋಡಿಕೊಂಡವರು ಗ್ರೇಸ್ ಆಲಿವ್ ವೈಲಿ ಎಂಬ ಧೀರ ಮಹಿಳೆ. ವಿಷಸರ್ಪಗಳನ್ನೂ ಪ್ರೀತಿಯಿಂದ ಪಳಗಿಸಬಹುದೆಂದು ನಂಬಿ ಬರಿಗೈಯಲ್ಲಿ ಹಿಡಿಯುತ್ತಿದ್ದರು. ಹಾವುಗಳು ತಪ್ಪಿಸಿಕೊಂಡ ಪ್ರಸಂಗಗಳ ನಂತರ 1935ರಲ್ಲಿ ಅವರು ಹುದ್ದೆ ಕಳೆದುಕೊಂಡರು. 1948ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾಗರಹಾವಿನ ಕಡಿತದಿಂದ ತೀರಿಕೊಂಡರು. 1957ರ ಸೆಪ್ಟೆಂಬರಿನಲ್ಲಿ ಲಿಂಕನ್ ಪಾರ್ಕ್ ಮೃಗಾಲಯದಿಂದ ಗುರುತಿಸುವುದಕ್ಕಾಗಿ ಬಂದ ಆಫ್ರಿಕದ ಬೂಮ್‌ಸ್ಲ್ಯಾಂಗ್ ಹಾವಿನ ಮರಿ ಫೀಲ್ಡ್ ಮ್ಯೂಸಿಯಂನ ಹಿರಿಯ ತಜ್ಞ ಕಾರ್ಲ್ ಷ್ಮಿಟ್ ಅವರ ಹೆಬ್ಬೆರಳನ್ನು ಕಡಿಯಿತು. ಅಷ್ಟು ಚಿಕ್ಕ ಹಾವು ಪ್ರಾಣ ತೆಗೆಯಲಾರದೆಂದು ಭಾವಿಸಿ, ಅವರು ಚಿಕಿತ್ಸೆ ಪಡೆಯದೆ ತಮ್ಮ ಲಕ್ಷಣಗಳನ್ನು ಒಂದೊಂದಾಗಿ ಬರೆದಿಡುತ್ತಾ ಹೋದರು. ಮರುದಿನವೇ ಅವರ ಪ್ರಾಣ ಹೋಯಿತು. ಆ ಟಿಪ್ಪಣಿಗಳನ್ನು ಓದಿದಾಗ ವೈದ್ಯರಾದ ನಮ್ಮ ಕೈ ಇಂದಿಗೂ ನಡುಗುತ್ತದೆ.

ಹಲ್ಲಿಗೂ ವಿಷಸರ್ಪಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ವಿಷಯದಲ್ಲಿ ಸಂಬಂಧವಿಲ್ಲ, ಪಾಠದಲ್ಲಿದೆ. ಪ್ರಾಣಿಯ ಮೇಲಿನ ಪ್ರೀತಿಯಾಗಲಿ, ಪಾಂಡಿತ್ಯವಾಗಲಿ ದಿನನಿತ್ಯದ ಕ್ರಮಕ್ಕೆ ಬದಲಿಯಾಗಲಾರದು. 1966ರಲ್ಲಿ ಸ್ಥಾಪನೆಯಾದ ಚಿಕಾಗೋ ಹರ್ಪೆಟಲಾಜಿಕಲ್ ಸೊಸೈಟಿಯಂತಹ ಹವ್ಯಾಸಿಗಳ ಸಂಘಗಳು ಈ ಕ್ರಮವನ್ನು ಮೃಗಾಲಯದಿಂದ ಮನೆಗೆ ತಂದವು. ಬಿಡುವಿನ ವೇಳೆಯಲ್ಲಿ ಸೇರಿ, ಪತ್ರಿಕೆ ಹೊರಡಿಸಿ, ಕಲಿತದ್ದನ್ನು ಹಂಚಿಕೊಂಡ ಆ ಸ್ವಯಂಸೇವಕರನ್ನು ನೆನೆದರೆ ನಮ್ಮ ವಿದ್ಯಾರಣ್ಯ, ಪಂಪ ಕನ್ನಡ ಕೂಟಗಳ ಕಾರ್ಯಕರ್ತರೇ ಕಣ್ಣಮುಂದೆ ಬರುತ್ತಾರೆ.

ಆಹಾರ: ಮೂಳೆಯ ಕಥೆ

ಚಿರತೆ ಹಲ್ಲಿ ಹುಳುಗಳನ್ನಷ್ಟೇ ತಿನ್ನುತ್ತದೆ. ಚಿಮ್ಮಂಡೆ (ಇಲ್ಲಿಯ ಅಂಗಡಿಗಳಲ್ಲಿ ಕ್ರಿಕೆಟ್), ಮೀಲ್‌ವರ್ಮ್, ಡೂಬಿಯಾ ಜಿರಲೆ ಇದರ ಸಾಮಾನ್ಯ ಆಹಾರ. ಆದರೆ ಅಂಗಡಿಯ ಹುಳುವನ್ನು ಹಾಗೆಯೇ ತಿನ್ನಿಸಿ ಸಾಕಿದ ಹಲ್ಲಿಗಳ ದವಡೆ ಮೆತ್ತಗಾಗಿ, ಕಾಲು ಬಾಗಿ, ಬೆನ್ನು ಡೊಂಕಾಗುತ್ತಿತ್ತು. ಕಾರಣ ಸರಳ: ಈ ಹುಳುಗಳಲ್ಲಿ ರಂಜಕ ಬಹಳ, ಕ್ಯಾಲ್ಸಿಯಂ ಬಹಳ ಕಡಿಮೆ. ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಪಾಡಲು ದೇಹ ಮೂಳೆಯನ್ನೇ ಕರಗಿಸುತ್ತದೆ. ಮಕ್ಕಳಲ್ಲಿ ನಾವು ಕಾಣುವ ರಿಕೆಟ್ಸ್ ರೋಗದ ಸಮೀಪದ ಬಂಧು ಇದು.

ರಿಕೆಟ್ಸನ್ನು ಗೆದ್ದ ಕಥೆಗೂ ನಾವಿರುವ ಸೀಮೆಗೂ ನಂಟಿದೆ. ಚಿಕಾಗೋದಿಂದ ಎರಡೂವರೆ ಗಂಟೆಯ ದಾರಿಯ ಮ್ಯಾಡಿಸನ್‌ನಲ್ಲಿ ಹ್ಯಾರಿ ಸ್ಟೀನ್‌ಬಾಕ್ ಅವರು 1924ರ ಹೊತ್ತಿಗೆ ಆಹಾರದ ಮೇಲೆ ಅತಿನೇರಳೆ ಕಿರಣ ಹಾಯಿಸಿದರೆ ಅದರಲ್ಲಿ ವಿಟಮಿನ್ ಡಿ ಉಂಟಾಗುತ್ತದೆಂದು ತೋರಿಸಿಕೊಟ್ಟರು. ಅದೇ 1924ರ ಮೇ 1ರಂದು ಮಿಷಿಗನ್ ರಾಜ್ಯದ ಅಂಗಡಿಗಳಿಗೆ ಅಯೋಡಿನ್ ಬೆರೆಸಿದ ಉಪ್ಪು ಬಂದಿತು. ಗಳಗಂಡ ರೋಗವನ್ನು ತಡೆಯಲು ಮಿಷಿಗನ್ ವಿಶ್ವವಿದ್ಯಾಲಯದ ಮಕ್ಕಳ ವೈದ್ಯ ಡೇವಿಡ್ ಕೋವಿ ನಡೆಸಿದ ಹೋರಾಟದ ಫಲವದು. ನಿತ್ಯದ ಆಹಾರದಲ್ಲಿ ಇಲ್ಲದ ಅಂಶವನ್ನು ನಿತ್ಯದ ಆಹಾರದಲ್ಲಿಯೇ ಬೆರೆಸಿಕೊಡುವುದು ಎಂಬ ಆ ಶತಮಾನದ ದೊಡ್ಡ ತಿಳಿವಳಿಕೆಯೇ ಇಂದು ಚಿಮ್ಮಂಡೆಯ ಮೈಮೇಲಿನ ಬಿಳಿಯ ಪುಡಿಯಾಗಿದೆ.

ಆದುದರಿಂದ ಕ್ರಮ ಹೀಗಿರಲಿ. ಹುಳುಗಳನ್ನು ಹಲ್ಲಿಗೆ ಕೊಡುವ ಮುನ್ನ ಒಂದು ದಿನವಾದರೂ ಅವುಗಳಿಗೆ ಸೊಪ್ಪು, ಗಜ್ಜರಿಗಳನ್ನು ತಿನ್ನಿಸಬೇಕು. ಹುಳುವಿನ ಹೊಟ್ಟೆಯಲ್ಲಿರುವುದೇ ಹಲ್ಲಿಗೆ ದೊರೆಯುವ ತರಕಾರಿ. ಅನಂತರ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡಬೇಕು. ವಿಟಮಿನ್ ಡಿ3 ಇರುವ ಪುಡಿಯನ್ನು ಪಶುವೈದ್ಯರು ಹೇಳಿದಷ್ಟೇ ಬಳಸಬೇಕು. ಅದು ಹೆಚ್ಚಾದರೂ ಹಾನಿಯೇ. ಹುಳುವಿನ ಗಾತ್ರ ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರಬಾರದು. ಮರಿಗಳಿಗೆ ದಿನವೂ ಆಹಾರ, ಬೆಳೆದವಕ್ಕೆ ವಾರಕ್ಕೆ ಎರಡು ಮೂರು ಬಾರಿ ಸಾಕು. ತಿನ್ನದೆ ಉಳಿದ ಚಿಮ್ಮಂಡೆಯನ್ನು ರಾತ್ರಿ ಪೆಟ್ಟಿಗೆಯಲ್ಲಿ ಬಿಡಬಾರದು. ಅದು ಹಲ್ಲಿಯನ್ನೇ ಕಚ್ಚೀತು. ಜುಟ್ಟಿನ ಹಲ್ಲಿಯ ಆಹಾರ ಬೇರೆ: ಹಣ್ಣಿನ ಆಧಾರದ ಸಿದ್ಧಪುಡಿಯನ್ನು ನೀರಿನಲ್ಲಿ ಕಲಸಿ ಕೊಡುವುದು ರೂಢಿ. ಇಬ್ಬರಿಗೂ ಶುದ್ಧ ನೀರು ಪ್ರತಿದಿನ ಬೇಕು.

ಪ್ರಸಂಗವಶಾತ್ ಒಂದು ಮಾತು. ಹಲ್ಲಿಗೆ ತಪ್ಪದೆ ಕ್ಯಾಲ್ಸಿಯಂ ಕೊಡುವ ಅನೇಕ ಮನೆಗಳಲ್ಲಿ ತಾಯಂದಿರ ವಿಟಮಿನ್ ಡಿ ಮಟ್ಟವನ್ನು ಯಾರೂ ನೋಡಿರುವುದಿಲ್ಲ. ಉತ್ತರದ ಈ ಚಳಿಗಾಲದ ಮಂಕು ಬಿಸಿಲು ನಮ್ಮ ಕಂದು ಚರ್ಮಕ್ಕೆ ಸಾಲದು. ಪೆಟ್ಟಿಗೆಯ ಹೊರಗಿನವರ ಮೂಳೆಗಳನ್ನೂ ನೆನಪಿಡಿ.

ಶಾಖ: ಚಳಿಗಾಲದ ಪರೀಕ್ಷೆ

ಹಲ್ಲಿಯ ದೇಹ ತನ್ನ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳಲಾರದು. ತಿಂದದ್ದು ಅರಗಬೇಕಾದರೂ ಹೊರಗಿನ ಶಾಖ ಬೇಕು. ಆದುದರಿಂದ ಚಿರತೆ ಹಲ್ಲಿಯ ಪೆಟ್ಟಿಗೆಯಲ್ಲಿ ಒಂದು ಬದಿಯ ನೆಲ ಸುಮಾರು 90 ಡಿಗ್ರಿ ಫ್ಯಾರನ್‌ಹೀಟ್ (32 ಡಿಗ್ರಿ ಸೆಲ್ಸಿಯಸ್), ಇನ್ನೊಂದು ಬದಿ ಸುಮಾರು 75 (24 ಸೆಲ್ಸಿಯಸ್) ಇರಬೇಕು. ಬೇಕಾದ ಕಡೆಗೆ ಅದು ತಾನೇ ಸರಿದುಕೊಳ್ಳುತ್ತದೆ. ಶಾಖದ ಸಾಧನಕ್ಕೆ ಥರ್ಮೋಸ್ಟಾಟ್ ಕಡ್ಡಾಯ. ಇಲ್ಲವಾದರೆ ಹೊಟ್ಟೆಯಡಿ ಸುಟ್ಟ ಗಾಯಗಳಾಗುತ್ತವೆ. ಜುಟ್ಟಿನ ಹಲ್ಲಿಗೆ ಇದರ ವಿರುದ್ಧ: 72ರಿಂದ 78 ಡಿಗ್ರಿ ಹಿತ, ಬೇಸಗೆಯ ಸೆಕೆಯೇ ಅದಕ್ಕೆ ಶತ್ರು. ಒದ್ದೆ ಪಾಚಿಯಿಟ್ಟ ಚಿಕ್ಕ ಗೂಡೊಂದು ಚಿರತೆ ಹಲ್ಲಿಗೆ ಪೊರೆ ಬಿಡಲು ಬೇಕು. ಪೊರೆ ಬಿಟ್ಟ ಮೇಲೆ ಬೆರಳುಗಳನ್ನು ನೋಡಿ. ಅಲ್ಲಿ ಉಳಿದ ಪೊರೆ ಒಣಗಿ ಬಿಗಿದರೆ ಬೆರಳೇ ಉದುರುತ್ತದೆ.

ನಮ್ಮ ಊರುಗಳ ಹವೆ ಈ ವ್ಯವಸ್ಥೆಯನ್ನು ಹಲವು ಬಾರಿ ಪರೀಕ್ಷಿಸಿದೆ. 2019ರ ಜನವರಿ 30ರಂದು ಚಿಕಾಗೋದಲ್ಲಿ ತಾಪಮಾನ ಶೂನ್ಯಕ್ಕಿಂತ 23 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿಳಿದಿತ್ತು. 2003ರ ಆಗಸ್ಟ್ 14ರ ಮಹಾ ವಿದ್ಯುತ್ ವೈಫಲ್ಯದಲ್ಲಿ ಡೆಟ್ರಾಯಿಟ್ ಕತ್ತಲಾಯಿತು. 2023ರ ಫೆಬ್ರವರಿಯ ಹಿಮಗಲ್ಲಿನ ಬಿರುಗಾಳಿಯಲ್ಲಿ ಆಗ್ನೇಯ ಮಿಷಿಗನ್ನಿನ ಲಕ್ಷಾಂತರ ಮನೆಗಳು ದಿನಗಟ್ಟಲೆ ವಿದ್ಯುತ್ತಿಲ್ಲದೆ ಇದ್ದವು. ಅಂತಹ ಹೊತ್ತಿನಲ್ಲಿ ಹಲ್ಲಿಯನ್ನು ಗಾಳಿಯಾಡುವ ಡಬ್ಬಿಯಲ್ಲಿಟ್ಟು, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯೊಡನೆ ಪಿಕ್ನಿಕ್ ಕೂಲರಿನೊಳಗೆ ಇರಿಸಬಹುದು; ಮೈ ಬೆಚ್ಚಗಾಗುವವರೆಗೆ ಆಹಾರ ಕೊಡಬಾರದು. ಆದರೆ ಹಲ್ಲಿಗಾಗಲಿ ಮಕ್ಕಳಿಗಾಗಲಿ ಬೆಚ್ಚಗಿರಲೆಂದು ಗ್ರಿಲ್ ಅಥವಾ ಜನರೇಟರನ್ನು ಮನೆಯೊಳಗೆ, ಗ್ಯಾರೇಜಿನೊಳಗೆ ಎಂದಿಗೂ ಹಚ್ಚಬೇಡಿ. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗಿದ ಕುಟುಂಬವನ್ನೇ ಬಲಿ ತೆಗೆದುಕೊಳ್ಳಬಲ್ಲದು.

ಶುಚಿತ್ವ: ಅಜ್ಜಿಯ ಅಳುಕಿಗೆ ಉತ್ತರ

ಈಗ ಆ ಬ್ಯಾಕ್ಟೀರಿಯಾದ ಮಾತು. 1885ರಲ್ಲಿ ಡೇನಿಯಲ್ ಸಾಲ್ಮನ್ ಅವರ ಪ್ರಯೋಗಾಲಯದಲ್ಲಿ ಥಿಯೋಬಾಲ್ಡ್ ಸ್ಮಿತ್ ಹಂದಿಗಳ ಕಾಯಿಲೆಯನ್ನು ಅಭ್ಯಸಿಸುವಾಗ ದೊರೆತ ಸೂಕ್ಷ್ಮಜೀವಿಗೆ ಮುಂದೆ ಸಾಲ್ಮೊನೆಲ್ಲಾ ಎಂಬ ಹೆಸರಾಯಿತು. 1985ರಲ್ಲಿ ಚಿಕಾಗೋ ಸುತ್ತಮುತ್ತ ಪ್ಯಾಶ್ಚರೀಕರಿಸಿದ ಹಾಲಿನಲ್ಲಿಯೇ ಅದು ಸೇರಿಕೊಂಡು 16,000ಕ್ಕೂ ಹೆಚ್ಚು ದೃಢಪಟ್ಟ ಪ್ರಕರಣಗಳಾದವು. ಶುಚಿಯೆಂದು ನಂಬಿದ ಜಾಗದಲ್ಲಿಯೂ ಅದು ನುಸುಳಬಲ್ಲದೆಂದು ಈ ಪ್ರದೇಶದ ವೈದ್ಯರು ಆಗಲೇ ಕಂಡರು.

ಸಾಕುಪ್ರಾಣಿಗಳಿಂದ ಇದು ಹರಡುವುದು ಮೊದಲು ದೊಡ್ಡದಾಗಿ ತಿಳಿದದ್ದು ಪುಟ್ಟ ಆಮೆಗಳಿಂದ. ಮಕ್ಕಳು ಅವನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದುದರಿಂದ, 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು ಅಮೆರಿಕ ಸರ್ಕಾರ 1975ರಲ್ಲಿ ನಿಷೇಧಿಸಿತು. ಆಮೆಯ ನಂತರ ಇಗ್ವಾನಾಗಳ ಸರದಿ ಬಂದಿತು. 2014-15ರಲ್ಲಿ ಜುಟ್ಟಿನ ಹಲ್ಲಿಗಳ ಸಂಪರ್ಕದಿಂದ ಹತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಜನರು ಕಾಯಿಲೆ ಬಿದ್ದುದನ್ನು ಸಿಡಿಸಿ ಸಂಸ್ಥೆ ಪ್ರಕಟಿಸಿತು.

ಇಲ್ಲಿ ಮೂರು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ಒಂದು, ಸಾಲ್ಮೊನೆಲ್ಲಾ ಹೊತ್ತ ಹಲ್ಲಿ ಆರೋಗ್ಯವಾಗಿಯೇ ಕಾಣುತ್ತದೆ. ಎರಡು, ಅದು ಬ್ಯಾಕ್ಟೀರಿಯಾವನ್ನು ಬಿಟ್ಟುಬಿಟ್ಟು ಹೊರಹಾಕುವುದರಿಂದ ಒಂದು ಪರೀಕ್ಷೆಯಲ್ಲಿ ಇಲ್ಲವೆಂದು ಬಂದರೆ ನಿಶ್ಚಿಂತೆಯಿಂದಿರುವಂತಿಲ್ಲ. ಔಷಧಿ ಕೊಟ್ಟು ತೊಲಗಿಸಲೂ ಆಗದು. ಮೂರು, ಮಗು ಹಲ್ಲಿಯನ್ನು ಮುಟ್ಟಲೇಬೇಕೆಂದಿಲ್ಲ. ಹಲ್ಲಿ ಮುಟ್ಟಿದ ಅಣ್ಣನ ಕೈ, ಪೆಟ್ಟಿಗೆ ತೊಳೆದ ಸಿಂಕು ಸಾಕು. ದೊಡ್ಡವರಲ್ಲಿ ನಾಲ್ಕೈದು ದಿನಗಳ ಜ್ವರ, ಹೊಟ್ಟೆನೋವು, ಭೇದಿಯಾಗಿ ಮುಗಿಯುವುದು, ಹಸುಗೂಸಿನಲ್ಲಿ ರಕ್ತಕ್ಕೆ, ಮೆದುಳಿನ ಪೊರೆಗೆ ಏರಬಹುದು. ಆದುದರಿಂದಲೇ 5 ವರ್ಷದೊಳಗಿನ ಮಕ್ಕಳು, 65 ದಾಟಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು ಹಲ್ಲಿಯನ್ನಾಗಲಿ ಅದರ ಪೆಟ್ಟಿಗೆಯನ್ನಾಗಲಿ ಮುಟ್ಟಬಾರದು.

ಶುಚಿಗೊಳಿಸುವ ಕ್ರಮ ಕಷ್ಟದ್ದಲ್ಲ. ಹಿಕ್ಕೆಯನ್ನು ಪ್ರತಿದಿನ ತೆಗೆಯಿರಿ. ಚಿರತೆ ಹಲ್ಲಿ ಸಾಮಾನ್ಯವಾಗಿ ಒಂದೇ ಮೂಲೆಯನ್ನು ಬಳಸುವುದರಿಂದ ಅಲ್ಲಿ ಪೇಪರ್ ಟವೆಲ್ ಹಾಸಿದರೆ ಕೆಲಸ ಸುಲಭ. ಮರಿಗಳಿಗೆ ಸಡಿಲ ಮರಳು ಬೇಡ. ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ. ನೀರಿನ ಬಟ್ಟಲನ್ನು ದಿನವೂ ತೊಳೆಯಿರಿ. ತಿಂಗಳಿಗೊಮ್ಮೆ ಪೆಟ್ಟಿಗೆಯನ್ನು ಪೂರ್ತಿ ಖಾಲಿಮಾಡಿ, ಮೊದಲು ಸಾಬೂನು ನೀರಿನಿಂದ ಕೊಳೆ ತೊಳೆದು, ಅನಂತರ ನೀರು ಬೆರೆಸಿದ ಬ್ಲೀಚಿನಿಂದ ಒರೆಸಿ, ಚೆನ್ನಾಗಿ ಜಾಲಿಸಿ ಒಣಗಿಸಿ. ಕೊಳೆಯ ಮೇಲೆಯೇ ಬ್ಲೀಚ್ ಸುರಿದರೆ ಅದು ಕೆಲಸ ಮಾಡದು. ಬೇಸಗೆಯಲ್ಲಿ ಇದೆಲ್ಲ ಮನೆಯ ಹೊರಗೆ ನಡೆಯಲಿ. ಚಳಿಗಾಲದಲ್ಲಿ ಇದಕ್ಕೆಂದೇ ಮೀಸಲಾದ ಪ್ಲಾಸ್ಟಿಕ್ ಟಬ್ಬನ್ನು ಬಳಸಿ, ಕೊಳೆನೀರನ್ನು ಟಾಯ್ಲೆಟ್ಟಿಗೆ ಸುರಿಯಿರಿ. ಅಡುಗೆಮನೆಯ ಸಿಂಕಿಗೆ ಆ ಪೆಟ್ಟಿಗೆ ಎಂದೂ ಬರಬಾರದು. ಮುಟ್ಟಿದ ಪ್ರತಿಸಲವೂ ಸಾಬೂನಿನಿಂದ ಕೈ ತೊಳೆಯಬೇಕು. ಹಲ್ಲಿಗೆ ಮುತ್ತಿಡುವುದು, ಊಟದ ಮೇಜಿನ ಮೇಲೆ ಬಿಡುವುದು ಖಂಡಿತ ಸಲ್ಲದು. ಹೊಸ ಹಲ್ಲಿಯನ್ನು ತಂದರೆ ಹಳೆಯದರ ಜೊತೆ ಬಿಡದೆ ಕನಿಷ್ಠ ಒಂದೆರಡು ತಿಂಗಳು ಬೇರೆಯೇ ಇರಿಸಬೇಕು. ಬಾಲವನ್ನು ಕಡ್ಡಿಯಂತೆ ಸೊರಗಿಸುವ ಕ್ರಿಪ್ಟೋಸ್ಪೋರಿಡಿಯಂ ಸೋಂಕು ಹಾಗೆಯೇ ಹರಡುತ್ತದೆ. ದಪ್ಪ ಬಾಲ ಚಿರತೆ ಹಲ್ಲಿಯ ಕೊಬ್ಬಿನ ಕಣಜ; ಅದು ತೆಳ್ಳಗಾಯಿತೆಂದರೆ ಸರೀಸೃಪ ಬಲ್ಲ ಪಶುವೈದ್ಯರನ್ನು ಕಾಣುವ ಹೊತ್ತು ಬಂದಿತೆಂದೇ ಅರ್ಥ.

ನಮ್ಮ ಸಲಹೆ

ಹಾಗಾದರೆ ಸಾಕಬಹುದೇ? ಮನೆಯಲ್ಲಿ ಹಸುಗೂಸಿದ್ದರೆ, ಬರುವ ನಿರೀಕ್ಷೆಯಿದ್ದರೆ, ರೋಗನಿರೋಧಕ ಶಕ್ತಿ ಕುಂದಿದ ಹಿರಿಯರಿದ್ದರೆ, ಕೆಲವು ವರ್ಷ ಕಾಯಿರಿ ಎಂದೇ ನಾವು ಹೇಳುತ್ತೇವೆ. ಈಗಾಗಲೇ ಸಾಕಿರುವವರು ಪೆಟ್ಟಿಗೆಯನ್ನು ಅಡುಗೆಮನೆಯಿಂದಲೂ ಕೂಸಿನ ಕೋಣೆಯಿಂದಲೂ ದೂರ ಸರಿಸಿ, ಕೆಲಸವನ್ನು ಒಬ್ಬ ದೊಡ್ಡವರಿಗೆ ವಹಿಸಲಿ. ಊರಿನಿಂದ ಆರು ತಿಂಗಳಿಗೆಂದು ಬಂದ ತಂದೆತಾಯಿಗಳ ಮೇಲೆ ಈ ಕೆಲಸವನ್ನು ಹೊರಿಸಬೇಡಿ. ಯಾರಿಗಾದರೂ ಜ್ವರದೊಡನೆ ಭೇದಿಯಾದರೆ, ಮನೆಯಲ್ಲಿ ಹಲ್ಲಿಯಿದೆಯೆಂದು ವೈದ್ಯರಿಗೆ ತಾವಾಗಿಯೇ ತಿಳಿಸಿ. ಅವರು ಕೇಳದೆಯೂ ಇರಬಹುದು.

ಶಾಲೆಗೆ ಹೋಗುವ ವಯಸ್ಸಿನ, ಹೇಳಿದ್ದನ್ನು ಪಾಲಿಸುವ ಮಕ್ಕಳಿರುವ ಮನೆಗೆ ಹಲ್ಲಿ ಒಳ್ಳೆಯ ಗುರುವೇ ಸರಿ. ಆದರೆ ಚಿರತೆ ಹಲ್ಲಿ 15ರಿಂದ 20 ವರ್ಷ ಬದುಕುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಐದನೆಯ ತರಗತಿಯ ಮಗು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಅದು ನಿಮ್ಮ ಬೇಸ್‌ಮೆಂಟಿನಲ್ಲಿಯೇ ಇರುತ್ತದೆ. ಬೇಸರವಾಯಿತೆಂದು ಹೊರಗೆ ಬಿಟ್ಟರೆ ಈ ಚಳಿಯಲ್ಲಿ ಒಂದು ರಾತ್ರಿಯೂ ಉಳಿಯದು. ಅಂಗಡಿಗೆ ಹೋಗುವ ಮುನ್ನ ಮನೆಯವರೆಲ್ಲ ಕುಳಿತು, ಪ್ರತಿದಿನ ಹಿಕ್ಕೆ ತೆಗೆಯುವವರು ಯಾರು, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಹೆಸರು ಹಿಡಿದು ಉತ್ತರ ಬರೆದುಕೊಳ್ಳಲಿ. ಎರಡಕ್ಕೂ ಉತ್ತರ ದೊರೆತ ಮನೆಗೆ ಹಲ್ಲಿ ಬರಲಿ. ದೊರೆಯದ ಮನೆಯ ಮಕ್ಕಳನ್ನು ಡೆಟ್ರಾಯಿಟ್ ಅಥವಾ ಬ್ರೂಕ್‌ಫೀಲ್ಡ್ ಮೃಗಾಲಯಕ್ಕೆ ಒಂದು ಭಾನುವಾರ ಕರೆದುಕೊಂಡು ಹೋಗಿರಿ, ಅಜ್ಜಿಯನ್ನೂ ಜೊತೆಗೆ ಕರೆಯಿರಿ.